ವಾಸ್ತವ್ಯದ ಉದ್ದೇಶ, ಐನೂರು ಅಕ್ಷರ ಮೀರದಂತೆ

ತೀನ್ ಕಂದೀಲಿನ ಸ್ಟುಡಿಯೋದಲ್ಲಿ ವೆಂಕೋಬ
ಬಿಳಿ ಪರದೆ ಇಳಿಬಿಟ್ಟು
ಕಿವಿ ಕಾಣಬೇಕ್ರೀ ಅಕ್ಕಾ, ನಗಬ್ಯಾಡ್ರಿ, ಅಂದ.
ನಗು ಎಲ್ಲಿತ್ತು.
ಬೆವರಿತ್ತು, ನಲವತ್ಮೂರು ಡಿಗ್ರಿಯದು,
ಅದನ್ನೂ ಅವನು ಕಂಪ್ಯೂಟರಿನಲ್ಲಿ ಒರೆಸಿಬಿಟ್ಟ.
ಮೂವತ್ತೈದು ಮಿಲಿಮೀಟರ್ ಅಗಲದ ನಾನು,
ಪಕ್ಕದಲ್ಲಿ ಅಷ್ಟೇ ಅಗಲದ ಸನ್ನಿಧಿ,
ಎಂಟೆಂಟು ಪ್ರತಿ.

ಅಡ್ಡಹೆಸರು ಎಂಬಲ್ಲಿ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗದು.
ಪಾಸ್‌ಪೋರ್ಟಿನಲ್ಲಿ ನಾನು ಬರೀ ಅಂಬಮ್ಮ.
ಊರಲ್ಲಿ ನಮ್ಮ ಮನೆಗೆ ಹರಿಗೋಲಿನವರು ಅಂತಾರೆ,
ಮುತ್ತಜ್ಜ ಕೃಷ್ಣೆಯ ಆಚೆ ದಡಕ್ಕೆ ಜನ ದಾಟಿಸುತ್ತಿದ್ದನಂತೆ.
ಅದಕ್ಕೆ ದಾಖಲೆ ಇಲ್ಲ.
ಹೆಸರನ್ನೇ ಎರಡು ಸಲ ಬರೀರಿ, ನಡೀತದ,
ಎಂದರು ಖಾಜಾಹುಸೇನ್ ವಕೀಲರು,
ಛಾಪಾ ಕಾಗದಕ್ಕೆ ಎಂಜಲು ಹಚ್ಚಿದ ಬೆರಳಿಂದ ಪುಟ ತಿರುವುತ್ತ.
ಅಂಬಮ್ಮ ಅಂಬಮ್ಮ.
ಯಾರೋ ಹೊಲದಾಚೆಯಿಂದ ಕೂಗಿದ ಹಾಗೆ.

ಕೆಲಸದ ಸ್ವರೂಪ:
ಕಿವಿ ಕೇಳದವರಿಗೆ ಪರದೆಯ ಕೆಳಗೆ
ಸದ್ದು ಬರೆದುಕೊಡುವುದು.
(ಬಾಗಿಲು ಕಿರುಗುಟ್ಟುತ್ತದೆ)
(ದೂರದಲ್ಲಿ ಅಲೆ)
ಆರು ವರ್ಷದಿಂದ ಹೆಡ್‌ಫೋನಿನಲ್ಲಿ ಅಲೆ ಕೇಳಿದ್ದೇನೆ.
ದೊಡ್ಡದು ಒಡೆಯುವ ಮೊದಲು ಒಂದು ಕ್ಷಣ ಉಸಿರು ಹಿಡಿಯುತ್ತದೆ,
ಅದಕ್ಕೆ ಪದವಿಲ್ಲ, ಬಿಟ್ಟುಬಿಡುತ್ತೇನೆ.
ಕಣ್ಣಾರೆ ಕಂಡದ್ದು ತುಂಗಭದ್ರೆಯ ಕಾಲುವೆ.

ಕೆಳಗಿನ ಮನೆಯ ದುರುಗಮ್ಮ ಕಾಗದದ ರಾಶಿ ನೋಡಿ
ಗುಳೇ ಹೊಂಟೀರೇನು? ಎಂದಳು.
ಅವಳವ್ವ ಹೋಗುತ್ತಿದ್ದಳಂತೆ ಪುಣೆಯ ಕಡೆಗೆ,
ಬಾಗಿಲಿಗೆ ಜಾಲಿಮುಳ್ಳು ಒತ್ತಿಟ್ಟು, ಕೋಳಿ ಬಗಲಲ್ಲಿ ಹಿಡಿದು.
ಆರು ತಿಂಗಳ ಬ್ಯಾಂಕಿನ ಲೆಕ್ಕ ಯಾರೂ ಕೇಳಲಿಲ್ಲ ಅವಳನ್ನು,
ನಡತೆಯ ಪ್ರಮಾಣಪತ್ರವನ್ನೂ.
ಅವಳನ್ನು ಯಾರೂ ಏನೂ ಕೇಳಲಿಲ್ಲ.

ಕೊನೆಗುಳಿದದ್ದು ತಂದೆಯ ಒಪ್ಪಿಗೆ.
ಸಿಂಧನೂರಿನ ಬಸ್ಸು ಹತ್ತಿದೆ.
ಅಮರೇಶ ತೂಕದ ಕಟ್ಟೆಯ ಕೋಣೆಯಲ್ಲಿದ್ದ,
ಹೊಟ್ಟೆ ಬಂದಿದೆ, ಕನ್ನಡಕವೂ.
ಪತ್ರವನ್ನು ಬೆರಳಿಟ್ಟು ಓದಿದ, ಎರಡು ಸಲ.
ಏನ್ ಕೆಲ್ಸ ಮಾಡ್ತಿ ಅಲ್ಲಿ?
ಇಲ್ಲಿ ಮಾಡೂದೇ.
ಮತ್ತ ಹೋಗೂದ್ಯಾಕ?
ಅಷ್ಟರಲ್ಲಿ ಭತ್ತದ ಲಾರಿ ಕಟ್ಟೆ ಏರಿತು,
ಕೆಂಪು ಅಂಕಿಗಳು ಓಡಿ ಓಡಿ ನಿಂತವು.
ಚೀಟಿ ಹರಿದುಕೊಟ್ಟು ಬಂದು ಸಹಿ ಮಾಡಿದ,
ಆಧಾರಿನಲ್ಲಿದ್ದ ಹಾಗೇ, ನಾನು ಹೇಳುವ ಮೊದಲೇ.
ಆಕಿ ಚಾ ಕುಡೀತಾಳೇನು ಈಗ? ಎಂದು ಕೇಳಿದ.
ಕುಡಿಯುತ್ತಾಳೆ ಎಂದೆ.
ಲಾರಿ ಇಳಿದು ಹೋದ ಮೇಲೂ
ಯಂತ್ರ ಇಪ್ಪತ್ತು ಕಿಲೋ ತೋರಿಸುತ್ತಲೇ ಇತ್ತು.
ಅದು ಹಂಗಾ, ಅಂದ, ಬಿಸಿಲಿಗೆ.

ರಾತ್ರಿ ಹನ್ನೊಂದಕ್ಕೆ ಸನ್ನಿಧಿ ಎದ್ದು ಬಂದು
ಖಾಲಿ ಚೌಕದಲ್ಲಿ
ನಮ್ಮಮ್ಮಗೆ ಅಲೆ ನೋಡಬೇಕಂತೆ
ಎಂದು ಟೈಪು ಮಾಡಿ, ಹೋಗಿ ಮಲಗಿದಳು.
ಅಳಿಸಿದೆ.
ಜೀವನಮಟ್ಟ, ಹವಾಮಾನ, ಮಗಳ ಶಿಕ್ಷಣ, ಇಂಥ
ಇಸ್ತ್ರಿ ಮಾಡಿದ ಮಾತುಗಳನ್ನು ಮಡಚಿಟ್ಟೆ.
ಇನ್ನೂ ನೂರಾ ಹನ್ನೆರಡು ಅಕ್ಷರ ಉಳಿದಿವೆ, ಎಂದಿತು ಪರದೆ.
ಉಳಿಯಲಿ.

ಸಲ್ಲಿಸು ಎಂಬುದನ್ನು ಒತ್ತುವಾಗ ಕರೆಂಟು ಹೋಯಿತು.
ಮಾಳಿಗೆ ಏರಿದರೆ ಶಕ್ತಿನಗರದ ದೀಪ ಕಾಣುತ್ತವೆ ಇಲ್ಲಿಗೆ.
(ಫ್ಯಾನು ನಿಧಾನವಾಗುತ್ತದೆ)
(ಕೆಳಗೆ ದುರುಗಮ್ಮ ವಿದ್ಯುತ್ ಇಲಾಖೆಯನ್ನು ಬೈಯುತ್ತಾಳೆ)
(ಮಗು ಮಗ್ಗುಲು ಬದಲಿಸುತ್ತದೆ)
ಮೊಬೈಲು ಹಿಡಿದು ಮತ್ತೆ ತೆರೆದರೆ
ಮೊದಲ ಪುಟ. ಎಲ್ಲ ಖಾಲಿ.
ಅಡ್ಡಹೆಸರು, ಎಂದು ಕೇಳಿತು.
ಕತ್ತಲಲ್ಲಿ ಯಾರಿದ್ದಾರೆ ನೋಡಲು,
ಹರಿಗೋಲು, ಎಂದು ಒತ್ತಿದೆ.
ಕೆಂಪಾಗಲಿಲ್ಲ, ತಪ್ಪೆನ್ನಲಿಲ್ಲ.
ಬೆಳಿಗ್ಗೆ ಅಳಿಸಿದರಾಯಿತು.